ಎಡಗಡೆಯ ಬೆಲ್ಟು

ಹನ್ನೊಂದು ವರ್ಷದ ಹಿಂದೆ ಮುರ್ಮಾನ್
ನನ್ನ ಸೀಟಿನ ಬೆಲ್ಟನ್ನು
ರೊಟ್ಟಿ ಕೊಯ್ಯುವ ಚಾಕುವಿನಲ್ಲಿ ಕೊಯ್ದ.
ಜೇನುಪೆಟ್ಟಿಗೆ ಬಿಗಿಯಲು ಹಗ್ಗ ಸಿಗಲಿಲ್ಲವಂತೆ.
“ನಿನಗ್ಯಾಕೆ ಅದು, ನಾನಿದ್ದೇನಲ್ಲ” ಎಂದ.
ಆ ಮಾತಿಗೆ ಆವತ್ತು ನಾನು ಕರಗಿದ್ದೂ ನಿಜ,
ಸುಳ್ಳು ಯಾಕೆ ಹೇಳಲಿ.

ಈಗ ತಪಾಸಣೆಯವರು ನಮ್ಮ ಡೆಲಿಕಾ ಗಾಡಿಯನ್ನು
ವಾಪಸು ಕಳಿಸಿದ್ದಾರೆ.
ಬ್ರೇಕು ಸರಿ, ದೀಪ ಸರಿ, ಹೊಗೆ ಕೂಡ ಹೇಗೋ ಸರಿ.
ಚೀಟಿಯಲ್ಲಿ ಒಂದೇ ಸಾಲು:
ಮುಂದಿನ ಎಡ ಸೀಟು, ಬೆಲ್ಟು ಇಲ್ಲ.
ಅಂದರೆ, ನಾನು.

ತ್ಬಿಲಿಸಿಯ ಎಲಿಯಾವಾ ಸಂತೆಗೆ ಒಬ್ಬಳೇ ಹೋದೆ.
ಬಣ್ಣ ಹೋಲಿಸಲು ಕೈಚೀಲದಲ್ಲಿ ಆ ಮೋಟು ತುಂಡು.
ಬಾಗಿಲುಗಳದೊಂದು ಓಣಿ, ಬಂಪರುಗಳದೊಂದು ಓಣಿ;
ಕಡಲಾಚೆ ಗುದ್ದಿಸಿಕೊಂಡು ಹಡಗೇರಿ ಬಂದ ಕಾರುಗಳಿಗೆ
ಇಲ್ಲಿ ಬಿಡಿಬಿಡಿಯಾಗಿ ಮತ್ತೆ ಬೆಲೆ.
ಕಬ್ಬಿಣದ ಡಬ್ಬಿಯಂಥ ಅಂಗಡಿಯಲ್ಲಿ ಝೋರಾ.
ಸೂರಿನಿಂದ ಬೆಲ್ಟುಗಳು ಜೋತಾಡುತ್ತಿದ್ದವು,
ದ್ರಾಕ್ಷಿಪಾಕದಲ್ಲಿ ಅದ್ದಿದ ಚುರ್ಚ್‌ಖೇಲಾ ಸರಗಳನ್ನು
ಒಣಗಲು ಹಾಕಿದ ಹಾಗೆ.

ಮೊದಲು ಕೊಟ್ಟದ್ದನ್ನು ಎಳೆದೆ. ಜಪ್ಪಯ್ಯ ಅನ್ನಲಿಲ್ಲ.
“ಅದು ಬಲಗಡೆಯದು ಚಿಕ್ಕಮ್ಮಾ, ಓರೆ ಹಿಡಿದರೆ ಬಿಗಿದುಕೊಳ್ಳುತ್ತದೆ.
ಒಳಗೊಂದು ಗುಂಡು ಇದೆ,
ಅದಕ್ಕೆ ನೆಲ ಯಾವ ಕಡೆ ಅಂತ ಗೊತ್ತು.”
ಎರಡನೆಯದು ಎಡಗಡೆಯದೇ, ಬಣ್ಣವೂ ಅದೇ.
ನಾನು ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ
ಅವನೇ ಕಿತ್ತುಕೊಂಡ.
ಭುಜದ ಬಳೆಯನ್ನು ಬಿಸಿಲಿಗೆ ತಿರುಗಿಸಿ ತೋರಿಸಿದ:
ಪ್ಲಾಸ್ಟಿಕ್ಕು ಕರಗಿ ಗೆರೆಗೆರೆಯಾಗಿ ಎದ್ದಿತ್ತು.
“ಇದು ಯಾರನ್ನೋ ಒಮ್ಮೆ ಹಿಡಿದಿದೆ. ಕೆಲಸ ಮುಗಿಸಿದೆ.
ಮಾರುವವರು ಮಾರುತ್ತಾರೆ,
ನಾನು ಮಾರಿದರೆ ನನ್ನಮ್ಮ ಬೈಯುತ್ತಾಳೆ.”
ಆ ಗೆರೆಗಳ ಮೇಲೆ ಬೆರಳಾಡಿಸಿದೆ.
ಯಾರೋ. ಎಷ್ಟು ತೂಕದವರೋ.

ಯಾರನ್ನೂ ಉಳಿಸಿರದ ಬೆಲ್ಟು ಬೇಕು ನನಗೆ.
ಇಡೀ ಸಂತೆಯಲ್ಲಿ ಅದಕ್ಕೇ ಬರ.

ಮೂರು ಗಂಟೆಯ ಹೊತ್ತಿಗೆ, ಹಿಂದಿನ ಅಂಗಳದಲ್ಲಿ,
ಒಂದು ಡೆಲಿಕಾ.
ನಿಂತಲ್ಲೇ ಬೆನ್ನ ಮೇಲೆ ಪೋಪ್ಲರ್ ಮರ ಬಿದ್ದು ಸತ್ತದ್ದು,
ಒಳಗೆ ನರಪಿಳ್ಳೆ ಇರಲಿಲ್ಲವಂತೆ.
ಝೋರಾ ಹದಿನೇಳರ ಪಾನಾ ಹಾಕಿ, ಬೆವರಿ,
ಮೂರು ಬೋಲ್ಟು ಬಿಚ್ಚಿ, ಸುರುಳಿಯನ್ನು ನೆಟ್ಟಗೆ ಹಿಡಿದ.
ಮೆಲ್ಲಗೆ ಎಳೆದೆ. ಬಂತು, ಬಂತು, ಬರುತ್ತಲೇ ಇತ್ತು.
ಜಗ್ಗಿದೆ.
ನಿಂತಿತು.
ಮತ್ತೆ ಮೆಲ್ಲಗೆ. ಬಂತು.
ಇಷ್ಟು ಮಾತು ಕೇಳುವ ವಸ್ತು
ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ಪೂರ್ತಿ ಎಳೆದಾಗ, ಸುರುಳಿಯ ತಳದಲ್ಲಿ,
ಬಿಸಿಲೇ ಕಾಣದ ಕೊನೆಯ ಗೇಣಿನಲ್ಲಿ,
ಯಾವುದೋ ಮಗು ಅಂಟಿಸಿದ ಚಿತ್ರ:
ಅರ್ಧ ಕಿತ್ತುಹೋದ ಹಸಿರು ಕಪ್ಪೆ.
ಬಣ್ಣವೂ ಹೊಂದಲಿಲ್ಲ. ನಮ್ಮದು ಬೂದಿ,
ಇದು ಹಾಲು ಹೆಚ್ಚಾದ ಕಾಫಿ.
ಐವತ್ತು ಎಂದ.
ಕಪ್ಪೆಯ ನೆಪ ಹೇಳಿ ಮೂವತ್ತೈದಕ್ಕೆ ಇಳಿಸಿದೆ.

ಲಿಂಡನ್ ಹೂ ಬಿಟ್ಟ ವಾರ, ಗೊಂಬೋರಿ ಘಾಟಿ.
ಕ್ಲಿಕ್ ಅಂದದ್ದಕ್ಕೆ ಮುರ್ಮಾನ್ ಗುರಾಯಿಸಿದ:
“ನನ್ನ ಕೈ ಮೇಲೆ ನಂಬಿಕೆ ಹೋಯಿತೋ?”
ಅವನ ಬೆಲ್ಟು ಅವನ ಬೆನ್ನ ಹಿಂದೆ ಸಿಕ್ಕಿಸಿಕೊಂಡಿತ್ತು,
ಗಾಡಿಯ ಪೀಂಗುಟ್ಟುವ ಬಾಯಿ ಮುಚ್ಚಿಸಲಷ್ಟೇ.

ಏಳನೇ ತಿರುವು. ಕುರಿಹಿಂಡು. ಬ್ರೇಕು.

ಕಪ್ಪೆಯ ಬೆಲ್ಟು ನನ್ನನ್ನು ಹಿಡಿಯಿತು.
ನೆತ್ತಿಯ ಮೇಲೆ, ಕ್ಯಾರಿಯರ್‌ನಲ್ಲಿ,
ನನ್ನ ಹಳೇ ಬೆಲ್ಟು
ಎರಡು ಜೇನುಪೆಟ್ಟಿಗೆಗಳನ್ನು ಹಿಡಿಯಿತು.
ಜೇನುಗಳು ಬಾಯಿಗೆ ಬಂದಂತೆ ಬೈಯುತ್ತಿದ್ದವು.
ಮುರ್ಮಾನ್ ಸ್ಟೀರಿಂಗಿಗೆ ಎದೆ ಗುದ್ದಿಕೊಂಡು
ಉಸಿರು ಹುಡುಕುತ್ತಿದ್ದ.

ಕುರಿಗಳು ಮುನ್ನೂರಾದರೂ ಇದ್ದವು.
ಅವನು ಎದೆ ನೀವಿಕೊಳ್ಳುತ್ತ
ಒಂದೊಂದನ್ನೂ ಎಣಿಸುವವನಂತೆ ಕೂತಿದ್ದ.
ನಾನು ಏನೂ ಅನ್ನಲಿಲ್ಲ.
ಕಾಲ ಬಳಿ ಉರುಳಿದ್ದ ನೀರಿನ ಬಾಟಲಿಗೆ
ಮೆಲ್ಲಗೆ, ಬಹಳ ಮೆಲ್ಲಗೆ ಬಾಗಿದೆ.
ಬೆಲ್ಟು ಬಿಟ್ಟುಕೊಟ್ಟಿತು.